ಹಸಿರು ಕಲ್ಲಿನೊಳಗಿನ ನೀರು

ಕ್ಯಾತನಹಳ್ಳಿ,
೧೫-೨-೧೯೯೬, ಗುರುವಾರ

ಅಂಗಡಿ ಜಗಲಿ ತುಂಬಿದ ಮಹಾಜನಗಳೇ, ಕಿವಿಯೋಲೆ ರಿಪೇರಿಗೆ ಬಂದ ತಾಯಂದಿರೇ, ಕೆಲಸವಿಲ್ಲದೆ ಗೋಡೆಗೊರಗಿದ ಗಂಡಸರೇ, ಕೇಳಿ! ಅಕ್ಕಸಾಲಿ ನಾಗರಾಜಾಚಾರಿ ಮಗಳಿಗೆ ಕಾಗದ ಬರೆಯುತ್ತಿದ್ದಾನೆ. ಗಟ್ಟಿಯಾಗಿ ಓದಿಕೊಂಡೇ ಬರೆಯುತ್ತಾನೆ. ಮುಚ್ಚಿಟ್ಟು ಬರೆಯುವ ಮಾತು ಇದರಲ್ಲಿ ಒಂದೂ ಇಲ್ಲ.

ಪ್ರೀತಿಯ ಮಗಳು ಅನುಶ್ರೀಗೆ ಅಪ್ಪನ ಆಶೀರ್ವಾದಗಳು. ಕೆಮ್ಮು ಹೋಯಿತೇ? ಹೈದರಾಬಾದಿನ ಹಾಸ್ಟೆಲಿನಲ್ಲಿ ಸೊಪ್ಪಿನ ಸಾರು ಕಾಣದೆ ಸೊರಗಿದ್ದೀಯೋ ಏನೋ ಅಂತ ನಿನ್ನವ್ವ ಸುಬ್ಬಮ್ಮ ದಿನಾ ಗೊಣಗುತ್ತಾಳೆ. ನಾವು ಕ್ಷೇಮ. ನನ್ನ ಗಂಟಲೂ ಕ್ಷೇಮ. ಹೋದ ತಿಂಗಳು ಕೆ.ಆರ್. ಪೇಟೆಯ ನಾಟಕದಲ್ಲಿ ಮೈಕು ಕೆಟ್ಟಾಗ ರಾಜಾಪಾರ್ಟಿನ ನಾನೊಬ್ಬನೇ ಕಡೆಯ ಸಾಲಿನವರೆಗೂ ಕೇಳಿಸಿದ್ದು, ಗೊತ್ತಾ?

ನಿನ್ನ ಕಾಗದ ಇವತ್ತು ಮಧ್ಯಾಹ್ನ ಬಂತು. ಎಂದಿನಂತೆ ಅಂಗಡಿಯಲ್ಲಿ ನಿಂತೇ ಓದಿದೆ. ಸಮುದ್ರದ ತಳದ ಚಪ್ಪಡಿ ಇನ್ನೊಂದು ಚಪ್ಪಡಿಯ ಅಡಿಗೆ ನುಗ್ಗಿ ಪಾತಾಳಕ್ಕಿಳಿಯುತ್ತದೆ, ಅದು ಹೊತ್ತೊಯ್ದ ನೀರು ಕಾವಿಗೆ ಹೊರಬಿದ್ದು ಮೇಲಿನ ಬಂಡೆಗೆ ಸೇರುತ್ತದೆ, ನೀರು ಸೇರಿದ ಬಂಡೆ ಕಮ್ಮಿ ಕಾವಿಗೇ ಕರಗಿ ಜ್ವಾಲಾಮುಖಿಯಾಗಿ ಏಳುತ್ತದೆ ಎಂದು ಓದಿದೆನೋ ಇಲ್ಲವೋ, ಹೆಂಡತಿಯ ಓಲೆಗೆ ಬೆಸುಗೆ ಹಾಕಿಸಲು ಬಂದಿದ್ದ ಚಲುವರಾಜು ಹೊಟ್ಟೆ ಹಿಡಿದುಕೊಂಡು ನಕ್ಕ. "ನೀರುಯ್ದ್ರೆ ಬೆಂಕಿ ಆರ್ತದೆ ಕಣ್ಲಾ ಆಚಾರಿ! ನಿನ್ ಮಗ್ಳು ನೀರಾಕಿ ಬೆಟ್ಟ ಕರುಗುಸ್ತಾಳಂತಾ? ಅಂಗಾರೆ ಕನ್ನಂಬಾಡಿ ಕಟ್ಟೆ ಇಷ್ಟೊತ್ಗೆ ಕರ್ಗೋಗ್ಬೇಕಿತ್ತಲ್ಲಾ!"

"ಬಾಯ್ ಮುಚ್ಕಂಡ್ ಇಲ್ನೋಡ್ಲಾ" ಎಂದೆ. ಅವನೆದುರಿಗೇ ಓಲೆಗೆ ಬೆಸುಗೆಯ ಚೂರಿಟ್ಟು ಊದುಗೊಳವೆ ಊದಿದೆ. ಚೂರು ಉಂಡೆಯಾಗಿ ಕೂತಿತೇ ಹೊರತು ಹರಿಯಲಿಲ್ಲ. ಆಮೇಲೆ ಬೆಸುಗೆಗೆ ಬಳಸುವ ಬಿಳಿಗಾರದ ಹರಳೊಂದನ್ನು ಕೆಂಡದ ಮೇಲಿಟ್ಟೆ. ಒಣಕಲ್ಲಿನಂತಿದ್ದದ್ದು ಬುಸುಬುಸು ಆವಿ ಬಿಟ್ಟು ಅರಳಿನಂತೆ ಉಬ್ಬಿತು. "ಇದ್ರೊಳ್ಗೆ ನೀರೆಲ್ಲಿತ್ಲಾ? ನೀನ್ ಉಯ್ದ್ಯಾ, ನಾನ್ ಉಯ್ದ್ನಾ?" ಎಂದು ಗುಡುಗಿದೆ. ಅದನ್ನೇ ಪುಡಿ ಮಾಡಿ ಓಲೆಗೆ ಸವರಿ ಮತ್ತೆ ಊದಿದೆ. ಬೆಂಕಿ ಅದೇ, ಉಸಿರೂ ಅದೇ. ಬೆಸುಗೆ ಈಗ ಬೆಣ್ಣೆಯಂತೆ ಹರಿಯಿತು. ಇಲ್ಲಿ ಹರಿಸಿದ್ದು ಬಿಳಿಗಾರ, ಪಾತಾಳದಲ್ಲಿ ಆ ಕೆಲಸ ನೀರಿನದು, ಅಷ್ಟೇ ವ್ಯತ್ಯಾಸ ಎಂದೆ. "ಕಲ್ಲೂ ನೀರ್ ಕುಡ್ಕಂಡಿರ್ತದೆ ಅನ್ನು" ಎಂದು ಚಲುವರಾಜು ತಲೆ ಕೆರೆದುಕೊಂಡ.

ಕಾಗದದ ಉಳಿದರ್ಧ ಓದಿದಾಗ ಮಾತ್ರ ಯಾರೂ ನಗಲಿಲ್ಲ. ಆ ನೀರೆಲ್ಲ ಚಪ್ಪಡಿಯ ಮೇಲ್ಪದರದ್ದು, ಸಮುದ್ರದ ಕೆಸರಿನದ್ದು ಅಂತ ನಿನ್ನ ಗುರುಗಳು. ಕೆಳಪದರದ ಹಾವಿನ ಚರ್ಮದಂಥ ಹಸಿರು ಕಲ್ಲೂ ನೀರು ಹೊತ್ತೊಯ್ಯುತ್ತದೆ, ಇನ್ನೂ ಆಳಕ್ಕೆ ಒಯ್ಯುತ್ತದೆ ಅಂತ ನೀನು. ಹಸಿರು ಕಲ್ಲಿನ ಅಧ್ಯಾಯ ಹೊಡೆದುಹಾಕಿ ಸೋಮವಾರ ಪಿಎಚ್.ಡಿ. ಪ್ರಬಂಧಕ್ಕೆ ಸಹಿ ಮಾಡು, ಇಲ್ಲವಾದರೆ ನನ್ನ ಸಹಿ ಸಿಗುವುದಿಲ್ಲ ಎಂದರಂತೆ. ನೀನೋ, "ಸಾಕಾಗಿದೆ ಅಪ್ಪಾ, ಸಹಿ ಮಾಡಿ ಬಂದುಬಿಡುತ್ತೇನೆ" ಅಂತ ಬರೆದಿದ್ದೀಯೆ. ನಿನ್ನವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಬಂದ್ಬುಡ್ಲಿ ಅತ್ಲಾಗೆ ಕೂಸು" ಎಂದಳು.

ನಾನು ಒಪ್ಪುವುದಿಲ್ಲ! ಕೆಸರೋ ಹಸಿರು ಕಲ್ಲೋ ಎಂದು ತೀರ್ಪು ಕೊಡುವ ವಿದ್ಯೆ ನನಗಿಲ್ಲ. ಆದರೆ ತಕ್ಕಡಿ ಬಲ್ಲೆ. ಆ ಕಲ್ಲನ್ನು ಕಾಯಿಸುವ ಮೊದಲು ತೂಗಿದೆ, ಆಮೇಲೂ ತೂಗಿದೆ, ನೀರು ಹೋಗಿ ನೂರಕ್ಕೆ ಹನ್ನೆರಡು ಪಾಲು ಕಮ್ಮಿ ಬಂತು, ಮೂರು ಸಲವೂ ಅಷ್ಟೇ ಬಂತು ಅಂತ ನೀನೇ ಬರೆದಿದ್ದೀಯೆ. ನಿನ್ನ ಗುರುಗಳು ಒಂದು ಸಲವಾದರೂ ತೂಗಿದರೇ? ನಾಗಮಂಗಲದ ಸಾಹುಕಾರನೊಬ್ಬ ತಾಮ್ರ ಹೆಚ್ಚಾಗಿದ್ದ ಸರ ತಂದು "ಅಪ್ಪಟ ಚಿನ್ನ ಅನ್ನಯ್ಯ" ಎಂದಾಗ ನಿನ್ನ ತಾತ ಎದ್ದು ಬಾಗಿಲು ತೋರಿಸಿದರು. ವರ್ಷವಿಡೀ ಆ ಕಡೆಯಿಂದ ಒಂದು ಮೂಗುಬೊಟ್ಟಿನ ಕೆಲಸವೂ ಬರಲಿಲ್ಲ. ಮುದ್ದೆ ಉಂಡೆವು, ಸೊಪ್ಪು ತಿಂದೆವು, ಬದುಕಿದೆವು. ನಿನಗೂ ಒಂದು ವರ್ಷ ಹೆಚ್ಚಾಗುವುದಾದರೆ ಆಗಲಿ. ಇವರು ಕೈಬಿಟ್ಟರೆ ಇನ್ನೊಬ್ಬರನ್ನು ಹುಡುಕು. ಆ ಅಧ್ಯಾಯ ಹೊಡೆದುಹಾಕಿ ಡಾಕ್ಟರಾಗಿ ಬಂದರೂ ನೀನು ನನ್ನ ಮಗಳೇ, ಹಾರ ಹಾಕುತ್ತೇನೆ. ಆದರೆ ಊರಿಗೆ ಕೇಳುವಂತೆ ಕೂಗಿ ಹೇಳಲು ನನಗೆ ಗಂಟಲು ಬರುವುದಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ತಾಯಿ ಕಾಳಿಕಾಂಬೆ ನಿನ್ನ ಬೆನ್ನಿಗಿರಲಿ.

ನಿನ್ನ ಅಪ್ಪ,
ನಾಗರಾಜಾಚಾರಿ

ಮತ್ತೆ: ಲಕೋಟೆಗೆ ಅಂಟು ಸವರುವಾಗ ನಿನ್ನವ್ವ ಕೇಳಿದಳು, "ಸೋಮ್ವಾರ ಸಹಿ ಅಂತೀರಿ, ಇವತ್ತು ಗುರುವಾರ. ನಿಮ್ ಈ ಪುರಾಣ ಅಲ್ಗೆ ಯಾವತ್ ಮುಟ್ತದೆ?" ಮೂವತ್ತು ವರ್ಷ ರಂಗದ ಮೇಲೆ ಮಾತು ಮರೆಯದವನು ಇದೊಂದನ್ನು ಮರೆತಿದ್ದೆ. ನಿಮ್ಮ ಹಾಸ್ಟೆಲಿನ ಫೋನು ಬೇರೆ ಕೆಟ್ಟಿದೆ. ಹಾಗಾಗಿ ತಂತಿ ಕಳಿಸುತ್ತಿದ್ದೇನೆ. ಅದನ್ನು ಕಂಡು ಎದೆ ಧಸಕ್ಕೆಂದಿದ್ದರೆ ಮನ್ನಿಸು, ಇಲ್ಲಿ ಯಾರಿಗೂ ಏನೂ ಆಗಿಲ್ಲ. ತಂತಿಗೆಂದು ನಾನು ಒಂದು ಪುಟ ಬರೆದು ತೋರಿಸಿದೆ. ಬಂದುಬಿಡಲಿ ಎಂದು ಅತ್ತವಳೇ ಅದನ್ನು ಕಿತ್ತುಕೊಂಡು ಎಲ್ಲ ಹೊಡೆದುಹಾಕಿ ಎರಡು ಮಾತು ಉಳಿಸಿದಳು: "ಸಹಿ ಬೇಡ." ಕೆಳಗೆ ಮೊದಲು ಅವ್ವ, ಆಮೇಲೆ ಅಪ್ಪ. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೇ ಪಾಂಡವಪುರಕ್ಕೆ ಹೋಗಿ, ಅಂಚೆ ಕಚೇರಿಯ ಬಾಗಿಲು ತೆಗೆಯುವ ಹೊತ್ತಿಗೆ ಮೆಟ್ಟಿಲ ಮೇಲೆ ನಿಂತಿರುತ್ತೇನೆ.