ಖಾಲಿ ಮನೆಯಲ್ಲಿ ಕುಳಿತಿದ್ದವನ ಪರವಾಗಿ

ಮಾನ್ಯ ಟ್ಯಾಂಕ್ ಉಸ್ತುವಾರಿ ಅಧಿಕಾರಿಗಳೇ,

ಖಾಲಿ ಎಂದು ನೀವು ತೀರ್ಮಾನಿಸಿದ್ದ ಮನೆಯೊಳಗೆ ನನ್ನ ಮಗ ಕೌನಾಕ್ ಚಳಿಗೆ ಸೆಟೆದು ಸತ್ತ. ಆ ಮನೆಯನ್ನು ಬೆಚ್ಚಗಿಡುವ ಎಣ್ಣೆಯ ಟ್ಯಾಂಕು ಬರಿದಾಗುತ್ತಿದೆ ಎಂದು ನೀವೇ ಕೂರಿಸಿದ ಸೆನ್ಸರ್ ನಿಮ್ಮ ಕಚೇರಿಗೆ ಮತ್ತೆ ಮತ್ತೆ ಹೇಳಿತ್ತು. ಖಾಲಿ ಮನೆಗೆ ಎಣ್ಣೆ ಯಾಕೆಂದು ನೀವು ಅದರ ಬಾಯಿ ಮುಚ್ಚಿಸಿದ್ದಿರಿ. ಇದನ್ನು ನಿಮಗೊಬ್ಬರಿಗೇ ಬರೆಯಬಹುದಿತ್ತು, ಬರೆದೂ ಆಯಿತು. ದೂರು ಕೊಡಲು ನಾನು ಮೃತನ ಸಂಬಂಧಿಕಳೇ ಅಲ್ಲ ಎಂಬ ಉತ್ತರ ಬಂತು. ಹಾಗಾಗಿ ಈ ಸಲ ಊರೆಲ್ಲ ಓದಲಿ ಎಂದು ಪತ್ರಿಕೆಗೆ ಕೊಟ್ಟಿದ್ದೇನೆ.

ಮೊದಲು ಸಂಬಂಧದ ವಿಷಯವನ್ನೇ ಮುಗಿಸೋಣ. ಕೌನಾಕನಿಗೆ ಎಪ್ಪತ್ತು ದಾಟಿತ್ತು, ನನಗಿನ್ನೂ ಐವತ್ತಾಗಿಲ್ಲ. ಅವನನ್ನು ಹೆತ್ತ ಉಲಾಯುಕ್ ತೀರಿಕೊಂಡ ಚಳಿಗಾಲದಲ್ಲೇ ನಾನು ಹುಟ್ಟಿದೆ, ಆಕೆಯ ಹೆಸರನ್ನು ನನಗಿಟ್ಟರು. ಇನುಯಿಟ್ ಜನರಾದ ನಮ್ಮಲ್ಲಿ ಹೆಸರು ಬಂತೆಂದರೆ ಆ ಮನುಷ್ಯರೂ ಬಂದರು ಎಂದೇ ಲೆಕ್ಕ. ನಾನಿನ್ನೂ ಬೆನ್ನಿನ ಚೀಲದಲ್ಲಿದ್ದ ಕೂಸಾಗಿದ್ದಾಗಲೇ ಆ ಗಂಡಸು ನನ್ನನ್ನು 'ಅವ್ವಾ' ಎಂದು ಕರೆದ. ಮಾತು ಬಂದ ಮೇಲೆ ನಾನು ಅವನನ್ನು 'ಮಗಾ' ಎಂದೆ. ಅವನು ಕಡಲಲ್ಲಿ ಬೇಟೆಯಾಡಿದ ಸೀಲಿನ ಮಾಂಸದ ಒಳ್ಳೆಯ ತುಂಡು ಕೊನೆಯವರೆಗೂ ನನ್ನ ಮನೆಗೇ ಬಂತು. ಇದನ್ನು ನಿಮ್ಮ ಕೌಂಟರಿನಲ್ಲಿ ಹೇಳಿದಾಗ ಒಳಗಿದ್ದ ಹುಡುಗಿ ಕಂಪ್ಯೂಟರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು.

"ಮೇಡಂ, ತಾಯಿ ಮಗನಿಗಿಂತ ಚಿಕ್ಕೋಳಾಗಿದ್ರೆ ಇದು ತಗೊಳ್ಳಲ್ಲ."

"ಅದು ತಗೊಳ್ದಿದ್ರೆ ಬೇಡ ಕಣಮ್ಮ, ನೀನು ತಗೋ."

ಅವಳೂ ತೆಗೆದುಕೊಳ್ಳಲಿಲ್ಲ. ಮನುಷ್ಯರ ತಲೆಯ ಮೇಲೂ ನೀವು ಸೆನ್ಸರ್ ಕೂರಿಸಿದ್ದೀರಿ ಎಂದು ನನಗೆ ಅಂದೇ ಖಾತ್ರಿಯಾಯಿತು.

ಈಗ ಟ್ಯಾಂಕುಗಳ ವಿಷಯ. ನಮ್ಮೂರಿನ ಮನೆಗಳೆಲ್ಲ ನಿಮ್ಮ ಕಚೇರಿ ಹಂಚಿಕೊಟ್ಟವು. ನೆಲವೇ ಹೆಪ್ಪುಗಟ್ಟಿರುವ ನಮ್ಮೂರಿನಲ್ಲಿ ಕೊಳಾಯಿ ಹೂಳಲಾಗದು. ಮನೆಮನೆಗೂ ನೀರಿನ ಟ್ಯಾಂಕು, ಎಣ್ಣೆಯ ಟ್ಯಾಂಕು, ಎರಡನ್ನೂ ತುಂಬಲು ಲಾರಿ. ಲಾರಿಯ ಜೋನಾಸಿ ಮೊದಲೆಲ್ಲ ಸಾಲುಮನೆಗಳಿಗೆ ವರಸೆಯಾಗಿ ಬರುತ್ತಿದ್ದ. ಬಾಗಿಲು ನೂಕಿ ಒಳಗೆ ಬಂದು ಚಹಾ ಕುಡಿದು, ಕೆಮ್ಮುವವರಿಗೆ ಬೈದು, ಟ್ಯಾಂಕು ತುಂಬಿಸಿ ಹೋಗುತ್ತಿದ್ದ. ನಿಮ್ಮ ಕಣ್ಣಿಗೆ ಇದು ದುಂದಾಗಿ ಕಂಡಿತು. ವಿಮಾನದಲ್ಲಿ ಸೆನ್ಸರುಗಳು ಬಂದವು, ಅವುಗಳ ಹಿಂದೆಯೇ ನೀವು ಬಂದು ಸಮುದಾಯ ಭವನದಲ್ಲಿ ಭಾಷಣ ಮಾಡಿದಿರಿ. 'ಇನ್ನು ನಿಮ್ಮ ಮನೆಯ ಟ್ಯಾಂಕಿನಲ್ಲಿ ಎಷ್ಟಿದೆ ಎಂದು ನಿಮಗಿಂತ ಮೊದಲು ನಮಗೇ ತಿಳಿಯುತ್ತದೆ' ಎಂದಿರಿ. ನಾವು ಚಪ್ಪಾಳೆ ತಟ್ಟಿದೆವು, ನೀವು ತಂದಿದ್ದ ಕೇಕು ಚೆನ್ನಾಗಿತ್ತು. ಅಂದಿನಿಂದ ನಿಮ್ಮ ಕಂಪ್ಯೂಟರ್ ಪರದೆ ಹೇಳಿದ ಮನೆಗೆ ಮಾತ್ರ ಲಾರಿ ಹೋಗಬೇಕೆಂದು ಆಜ್ಞೆಯಾಯಿತು.

ಕೌನಾಕನ ನೀರಿನ ಟ್ಯಾಂಕು ಮಾತ್ರ ಇಳಿಯಲೇ ಇಲ್ಲ. ಇಳಿಯುವುದಾದರೂ ಹೇಗೆ? ನಮ್ಮ ಹಿರಿಯರಲ್ಲಿ ನಿಮ್ಮ ಟ್ಯಾಂಕಿನ ನೀರಿನಲ್ಲಿ ಚಹಾ ಮಾಡುವವರು ಯಾರಿದ್ದಾರೆ ತೋರಿಸಿ. ಅವನು ಕೆರೆಯ ಮಂಜುಗಡ್ಡೆ ಕಡಿದು ತಂದು, ಕರಗಿಸಿ ಕುಡಿಯುತ್ತಿದ್ದ. ಸ್ನಾನಕ್ಕೂ ಬಟ್ಟೆ ಒಗೆಯಲಿಕ್ಕೂ ಅವ್ವನ ಮನೆ, ಅಂದರೆ ನನ್ನ ಮನೆ, ಇತ್ತು. ಶೌಚಾಲಯದ ಫ್ಲಶ್ ಕೆಟ್ಟಿದೆ ಎಂದು ಬೇಸಿಗೆಯಲ್ಲಿ ನಿಮ್ಮ ಕಚೇರಿಗೇ ದೂರು ಕೊಟ್ಟಿದ್ದ. ನಿಮ್ಮ ಕೃಪೆ, ಅದು ರಿಪೇರಿಯಾಗಲಿಲ್ಲ, ಮುದುಕ ಬಕೆಟ್ಟಿಗೆ ಮರಳಿದ. ಕೆಟ್ಟ ಫ್ಲಶ್ ನಿಮ್ಮದು, ಇಳಿಯದ ನೀರು ಅವನ ತಪ್ಪು! ನೀರು ಮುಟ್ಟದ ಮನೆಯಲ್ಲಿ ಜನರೇ ಇಲ್ಲ, ಅಲ್ಲಿ ಎಣ್ಣೆ ಉರಿಯುತ್ತಿರುವುದು ದಂಡ ಎಂದು ಯಾರೋ ಬುದ್ಧಿವಂತರು ಕಂಡುಹಿಡಿದರು. ಅದನ್ನು ಖಚಿತಪಡಿಸಿಕೊಳ್ಳಲು ಒಬ್ಬ ಪರಿಶೀಲಕನನ್ನು ಕಳಿಸಿದಿರಿ. ಅವನು ಬಂದು ಬಾಗಿಲು ಬಡಿದ.

ನಮ್ಮೂರಿನಲ್ಲಿ ಬಾಗಿಲು ಬಡಿಯುವ ಪದ್ಧತಿಯಿಲ್ಲ ಮಾನ್ಯರೇ. ಬೇಕಾದವರು ನೂಕಿಕೊಂಡು ಒಳಗೆ ಬರುತ್ತಾರೆ, ಬೇಡವಾದವರು ಬಡಿಯುತ್ತಾರೆ. ಅವನು ಚಿಕ್ಕವನಿದ್ದಾಗ ಮಕ್ಕಳನ್ನು ಬಲವಂತವಾಗಿ ದೂರದ ಶಾಲೆಗೆ ಎತ್ತಿಕೊಂಡು ಹೋದ ಸರ್ಕಾರದವರೂ ಬಡಿದೇ ಬಂದರೆಂದು ಕೌನಾಕ್ ಹೇಳುತ್ತಿದ್ದ. ಹಾಗಾಗಿ ಬಡಿದ ಸದ್ದು ಕೇಳಿದರೆ ಅವನ ಕಾಲದವರು ಉಸಿರೆತ್ತುವುದಿಲ್ಲ. ಆ ಸಂಜೆ ಅವನು ನಮ್ಮ ಮನೆಗೆ ಬಂದವನು ನಕ್ಕೂ ನಕ್ಕೂ ಸುಸ್ತಾಗಿದ್ದ.

"ಅವ್ವಾ, ಇವತ್ತು ಯಾವನೋ ಬಾಗ್ಲು ಬಡ್ದ ಕಣೇ. ಲೋಟ ಹಿಡ್ಕೊಂಡು ಕಲ್ಲಿನ ಥರ ಕೂತ್ಬಿಟ್ಟೆ. ಹೋದ ನೋಡು!"

"ಯಾರಂತ ಕಿಟಕೀಲಾದ್ರೂ ನೋಡ್ಬಾರ್ದಿತ್ತೇನೋ ಮಗಾ?"

"ನೋಡಿದ್ರೆ ಅವ್ನೂ ನನ್ನ ನೋಡ್ತಿದ್ನಲ್ಲ!"

ಬಸುರಿಯಾಗಿದ್ದ ನನ್ನ ಮಗಳು ಸೀಪೋರಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮಲಗಲು ಪಾಳಿ ಹಚ್ಚುವಷ್ಟು ತುಂಬಿರುವ ಮನೆ ನಮ್ಮದು. "ನಿನ್ನ ಕೂಸು ಹುಟ್ಲಿ, ಇಬ್ರೂ ನನ್ನ ಮನೆಗೇ ಬಂದ್ಬಿಡಿ. ನಾನು ಒಬ್ನೇ ಆ ಗೋಡೆಗಳನ್ನ ಇಟ್ಕೊಂಡು ಏನ್ ಮಾಡ್ಲಿ?" ಎಂದು ಅವಳಿಗೆ ಮಾತು ಕೊಟ್ಟು ಹೋದ. ನಿಮ್ಮ ಪರದೆಯ ಮೇಲೆ ಅಷ್ಟು ಹೊತ್ತಿಗಾಗಲೇ ಅವನು ಇಲ್ಲವಾಗಿದ್ದ.

ಹೆರಿಗೆಗೆಂದು ಸೀಪೋರಾಳನ್ನು ದಕ್ಷಿಣದ ಶಹರಕ್ಕೆ ವಿಮಾನದಲ್ಲಿ ಕರೆದೊಯ್ದೆ. ಇಲ್ಲಿ ಹಿಮದ ಬಿರುಗಾಳಿ ಎದ್ದಿತು, ಕೌನಾಕನ ಮನೆಯ ಎಣ್ಣೆ ಮುಗಿಯಿತು. ಅವನು ನಿಮಗೆ ಫೋನ್ ಮಾಡಿದ. ಸೇವೆಯ ಗುಣಮಟ್ಟಕ್ಕಾಗಿ ನೀವು ಕರೆಗಳನ್ನು ಧ್ವನಿಮುದ್ರಿಸುತ್ತೀರಂತೆ, ಬಹಳ ಸಂತೋಷ. ಅವನ ಸಾವಿನ ವಿಚಾರಣೆಯ ದಿನ ಅದನ್ನು ಎಲ್ಲರಿಗೂ ಕೇಳಿಸಿದರು. ನೀವು ಕಿಟಕಿಯ ಹೊರಗೆ ನೋಡುತ್ತಿದ್ದುದರಿಂದ ಇಲ್ಲಿ ಮತ್ತೊಮ್ಮೆ ಬರೆಯುತ್ತೇನೆ.

"ಸರ್, ಆ ಮನೆ ಖಾಲಿ ಅಂತ ತೋರಿಸ್ತಿದೆ."

"ಖಾಲಿ ಇಲ್ಲಮ್ಮ, ನಾನಿದೀನಲ್ಲ. ಎಣ್ಣೆ ಮುಗ್ದೋಗಿದೆ, ಗೋಡೆ ಒಳಗೇ ಹಿಮ ಕಟ್ಟಿದೆ."

"ನೀವು ನೀರೇ ಬಳಸಿಲ್ಲ ಸರ್."

"ನಾನು ಕೆರೆ ಮಂಜುಗಡ್ಡೆ ಕರಗಿಸಿ ಕುಡಿಯೋನು."

"ಅದನ್ನ ಬರ್ಕೊಳ್ಳೋಕೆ ಇಲ್ಲಿ ಜಾಗ ಇಲ್ಲ ಸರ್. ಗಾಳಿ ನಿಂತ ಮೇಲೆ ಪರಿಶೀಲನೆಗೆ ಬರ್ತಾರೆ. ಅಲ್ಲೀವರ್ಗೂ ನೀವು ಮನೇಲೇ ಇರ್ಬೇಕು. ಬಾಗಿಲು ಬಡಿದಾಗ ತೆಗೀಲಿಲ್ಲ ಅಂದ್ರೆ ಖಾಲಿ ಅಂತಾನೇ ಖಾಯಂ ಮಾಡಿ ಬೇರೆಯವ್ರಿಗೆ ಕೊಟ್ಬಿಡ್ತಾರೆ."

"ಬೇರೆಯವ್ರಿಗಾ? ಬೇಡಮ್ಮ. ಕೂಸೊಂದು ಬರೋದಿದೆ. ಬಡೀಲಿ, ಈ ಸಲ ತೆಗೀತೀನಿ."

"ಇನ್ನೇನಾದ್ರೂ ಸಹಾಯ ಬೇಕಾ ಸರ್?"

ಜೋನಾಸಿಯ ಮನೆ ಅಲ್ಲಿಂದ ಕೂಗಳತೆ ದೂರ. ಗೋಡೆ ಹಿಡಿದುಕೊಂಡು ಹೋಗಿದ್ದರೂ ಅವನು ತಲುಪುತ್ತಿದ್ದ, ಬಿರುಗಾಳಿ ಅವನಿಗೆ ಹೊಸತೇ? ಅವನು ಹೋಗಲಿಲ್ಲ. ನೀವು ಇರು ಎಂದಿದ್ದಿರಿ, ಇದ್ದ. ಗಾಳಿ ನಿಂತ ಮೇಲೆ ನಿಮ್ಮ ಪರಿಶೀಲಕ ಬಂದು ನಿಯಮದ ಪ್ರಕಾರ ಬಾಗಿಲು ಬಡಿದ, ಕಾದ, ಖಾಲಿ ಎಂದು ದೃಢಪಡಿಸಿ ಹೊರಟುಹೋದ. ಆ ದಾರಿಯಲ್ಲಿ ಲಾರಿ ತಂದ ಜೋನಾಸಿ, ಬಡಿಯಲು ಬಾರದ ಅನಾಗರಿಕ, ಬಾಗಿಲು ನೂಕಿದ. ಬಾಗಿಲ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು, ತುಪ್ಪಳದ ಅಂಗಿ ತೊಟ್ಟು ಕೌನಾಕ್ ಕೂತಿದ್ದ. ಕಾಲ ಬಳಿ ಅವನನ್ನು ಹೆತ್ತವಳ ಕಲ್ಲಿನ ದೀಪವಿತ್ತು, ಅದರಲ್ಲಿ ಉರಿಸಿದ ಸೀಲಿನ ಕೊಬ್ಬು ಪೂರ್ತಿ ಮುಗಿದಿತ್ತು. ಒಂದು ಕೈ ಬಾಗಿಲ ಹಿಡಿಯ ಕಡೆಗೆ ಚಾಚಿತ್ತು. ಹುಟ್ಟಿದಂದಿನಿಂದ ಬಡಿದ ಬಾಗಿಲನ್ನು ತೆರೆಯದವನು, ಮಾನ್ಯರೇ, ನಿಮಗಾಗಿ ತೆರೆಯಲು ಕಾದು ಕೂತಿದ್ದ. ನನ್ನ ಹೊಟ್ಟೆ ಈಗಲೂ ಉರಿಯುತ್ತದೆ. ನಿಮ್ಮದು ತಣ್ಣಗಿದೆಯೇ?

ಆ ಮನೆಯ ಟ್ಯಾಂಕು ಬಸಿದು, ನೆಲ ಒರೆಸಿ, ಬೀಗ ಹಾಕಿದ್ದೀರಿ. ಈಗ ಅದು ನಿಜವಾಗಿಯೂ ಖಾಲಿ. ನಿಮ್ಮ ಸೆನ್ಸರ್ ಕೊನೆಗೂ ಸರಿಹೋಯಿತು, ಅಭಿನಂದನೆಗಳು.

ಸೀಪೋರಾ ಗಂಡುಕೂಸು ಹೆತ್ತಿದ್ದಾಳೆ. ಕೌನಾಕನ ಸಾವಿನ ಸುದ್ದಿ ನಮಗೆ ಬಂದ ದಿನವೇ ಅದಕ್ಕೆ ಕೌನಾಕ್ ಎಂದು ಹೆಸರಿಟ್ಟೆವು. ಮುದುಕನನ್ನು ಕರೆಯುತ್ತಿದ್ದಂತೆಯೇ ಅವಳು ಅವನನ್ನು ಅಜ್ಜಾ ಎನ್ನುತ್ತಾಳೆ, ನಾನು ಮಗಾ ಎನ್ನುತ್ತೇನೆ. ಮೊನ್ನೆ ನಿಮ್ಮ ಕಚೇರಿಯವರು ನಮ್ಮ ಟ್ಯಾಂಕು ನೋಡಲೆಂದು ಬಂದು ಬಾಗಿಲು ಬಡಿದರು. ಮನೆ ಕಿತ್ತುಹೋಗುವಂತೆ ಅಳುತ್ತಿದ್ದ ಕೂಸು ತಟ್ಟನೆ ಅಳು ನಿಲ್ಲಿಸಿ, ಉಸಿರು ಬಿಗಿಹಿಡಿದು, ಬಾಗಿಲ ಕಡೆ ಕಣ್ಣರಳಿಸಿ ನೋಡಿತು. ಬಂದವರು ಹೋಗುವವರೆಗೂ ಮಿಸುಕಲಿಲ್ಲ. ನಾವ್ಯಾರೂ ತೆರೆಯಲಿಲ್ಲ.

ನನ್ನ ಬೇಡಿಕೆ ಸಣ್ಣದು. ಕ್ಷಮೆ ಬೇಡ, ಪರಿಹಾರ ಬೇಡ, ಇನ್ನೊಂದು ಕೇಕು ಖಂಡಿತ ಬೇಡ. ಕೌನಾಕನ ಮನೆ ಕೌನಾಕನಿಗೆ ಕೊಡಿ. ಅವನು ನಿಮ್ಮ ಮಾತು ನಂಬಿ ಅದಕ್ಕಾಗಿ ಕಾದಿದ್ದಾನೆ. ನೀರಿನ ಚಿಂತೆ ನಿಮಗೆ ಬೇಡ, ಕೂಸಿನ ಬಟ್ಟೆ ಒಗೆದೇ ಟ್ಯಾಂಕು ಬರಿದು ಮಾಡುತ್ತೇವೆ. ಬೀಗದ ಕೈ ಕೊಡಲು ನೀವೇ ಬನ್ನಿ, ಪರಿಶೀಲಕನನ್ನು ಕಳಿಸಬೇಡಿ. ಬಂದಾಗ ಬಡಿಯಬೇಡಿ, ಬಾಗಿಲು ನೂಕಿ ಒಳಗೆ ಬನ್ನಿ, ಚಹಾ ಕೊಡುತ್ತೇನೆ. ಬಡಿದಿರೋ, ಈ ಊರಿನ ಒಂದೊಂದು ಮನೆಯೂ ನಿಮಗೆ ಖಾಲಿಯೇ.

ಇಂತಿ,
ನಿಮ್ಮ ಕಂಪ್ಯೂಟರ್ ಒಪ್ಪದ, ಮಗನಿಗಿಂತ ಕಿರಿಯಳಾದ ತಾಯಿ
ಉಲಾಯುಕ್