ಹತ್ತು ನಿಮಿಷದ ಪ್ರದರ್ಶನ ಪಂದ್ಯ

ಜುಲೈ 6, ಭಾನುವಾರ

ಬೆಳಿಗ್ಗೆ ಕಾಫಿ ಕಣದ ಗೋಡೆಗೆ ಚೆಂಡು ಒದ್ದು ಹಿಡಿಯುವ ಅಭ್ಯಾಸ. ಗ್ಲೌಸ್ ಮತ್ತೆ ಒದ್ದೆ. ಮುಂದಿನ ವಾರ ಬೆಂಗಳೂರು, ಕ್ಲಬ್ಬಿನ ಕ್ಯಾಂಪ್. ಈ ಸಲ ಮೊದಲ ಗೋಲ್‌ಕೀಪರ್ ನಾನೇ ಅಂತೆ. ಕೋಚ್ ಹೇಳಿದ್ದು.

ನಿನ್ನೆ ಫುಟ್‌ಬಾಲಿನಲ್ಲಿ ಭಾರತದ ಹುಡುಗಿಯರು ಥಾಯ್ಲೆಂಡನ್ನು ಅವರ ನೆಲದಲ್ಲೇ ಸೋಲಿಸಿದರು. ಏಷ್ಯಾ ಕಪ್‌ಗೆ ಅರ್ಹತೆ! ಸಂಸೆ ಬಸ್‌ ಸ್ಟ್ಯಾಂಡಿನಲ್ಲಿ ಸಿಗ್ನಲ್ ಹುಡುಕಿ ಫೋನಿನಲ್ಲಿ ನೋಡಿದೆ. ಪಕ್ಕದ ಹೋಟೆಲಿನ ಟಿವಿಯಲ್ಲಿ ಕ್ರಿಕೆಟ್. ನಾನು ಕಿರುಚಿದ್ದಕ್ಕೆ ಹೋಟೆಲಿನವನು ಹೊರಗೆ ಬಂದು ಕೇಳಿದ. ಹೇಳಿದೆ.

"ಹೌದಾ ಮಾರಾಯ್ತಿ! ಹುಡ್ಗೀರ ಟೀಮೂ ಉಂಟಾ ನಮ್ಗೆ?"

ಜುಲೈ 14, ಸೋಮವಾರ

ಬ್ಯಾಗ್ ಕಟ್ಟಿಟ್ಟಿದ್ದೆ. ವಾಟ್ಸಾಪ್ ಗ್ರೂಪಿಗೆ ಮ್ಯಾನೇಜರ್ ಮೆಸೇಜ್. ಗಂಡಸರ ಲೀಗ್ ನಡೆಯುತ್ತದೋ ಇಲ್ಲವೋ ಗೊತ್ತಿಲ್ಲ, ಆದ್ದರಿಂದ ಮಹಿಳಾ ತಂಡವನ್ನು ಸದ್ಯಕ್ಕೆ ನಿಲ್ಲಿಸಲಾಗಿದೆ. ಕೊನೆಗೊಂದು ಕೈಮುಗಿದ ಚಿತ್ರ.

ಗಂಡಸರ ಲೀಗ್ ನಿಂತರೆ ಹೆಂಗಸರ ತಂಡ ಮುಚ್ಚುವುದು ಯಾವ ನ್ಯಾಯ? ಗಂಡಸರ ತಂಡವನ್ನು ಮುಚ್ಚಿಲ್ಲ. ಅವರು ಜಿಮ್‌ನಲ್ಲಿ ಫೋಟೋ ತೆಗೆಸಿಕೊಳ್ಳುತ್ತಿದ್ದಾರೆ… ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಸ್ವಿಚ್ ಆಫ್.

ಅಮ್ಮ ತೋಟದಿಂದ ಬಂದಳು. "ಕೆಲ್ಸದಿಂದ ತೆಗ್ದ್ರಾ?"

"ಹೂಂ. ಮೆಸೇಜ್ ಹಾಕಿದ್ರು."

"ನಮ್ ಮೇಸ್ತ್ರಿ ಎಷ್ಟ್ ಕೆಟ್ಟೋನಾದ್ರೂ ಎದ್ರಿಗೆ ನಿಂತು ಹೇಳ್ತಾನೆ ಕಣೆ."

ಆಗಸ್ಟ್ 3, ಭಾನುವಾರ

ಹಗಲು ತೋಟದಲ್ಲಿ ಕಳೆ ಕೆಲಸ, ಅಮ್ಮನ ಜೊತೆ. ಸಂಜೆ ಕಳಸದ ಕಾಲೇಜು ಹುಡುಗಿಯರಿಗೆ ಆಟ ಹೇಳಿಕೊಡುತ್ತಿದ್ದೇನೆ. ಧನ್ಯಾ ಎಂಬವಳಿದ್ದಾಳೆ — ಪಿಯುಸಿ, ಎಡಗಾಲಿನ ಹೊಡೆತ. ಅವಳ ಒಂದು ಚೆಂಡು ತಡೆದು ಬೆರಳು ಇನ್ನೂ ಉರಿಯುತ್ತಿದೆ.

ಮೂಡಿಗೆರೆಯ ಜಯದೇವಪ್ಪನವರ ಫೋನ್. ಹಾರ್ಡ್‌ವೇರ್ ಅಂಗಡಿ, ಸ್ವಾತಂತ್ರ್ಯ ದಿನದ ಟೂರ್ನಮೆಂಟಿಗೆ ಅಧ್ಯಕ್ಷರು. "ನಿಮ್ ಹುಡ್ಗೀರ್ನ ಕರ್ಕೊಂಡ್ ಬಾರಮ್ಮ. ಫೈನಲ್‌ಗೆ ಮುಂಚೆ ಮೂಡಿಗೆರೆ ಹುಡ್ಗೀರ ಜೊತೆ ಒಂದ್ ಮ್ಯಾಚ್."

ಹುಡುಗಿಯರು ಕುಣಿದರು. ನಾನೂ.

ಆಗಸ್ಟ್ 15, ರಾತ್ರಿ

ಸಿಟ್ಟು ಇನ್ನೂ ಇಳಿದಿಲ್ಲ. ಆದರೂ ಬರೆಯಬೇಕು.

ಆಟ ಶುರುವಾಗಿ ಹತ್ತು ನಿಮಿಷಕ್ಕೆ ಮೈಕಿನಲ್ಲಿ: "ಅತಿಥಿಗಳು ಬಂದಿದ್ದಾರೆ. ಹೆಣ್ಣುಮಕ್ಕಳು ಆಟ ನಿಲ್ಲಿಸಿ, ಹೂಗುಚ್ಛ ಕೊಡಲು ವೇದಿಕೆಗೆ ಬರಬೇಕು. ಎಷ್ಟು ಚೆಂದ ಓಡುತ್ತಾರೆ ನಮ್ಮ ಮನೆಮಕ್ಕಳು!"

ಚೆಂಡು ನನ್ನ ಕೈಯಲ್ಲಿತ್ತು. ಬಿಡಲಿಲ್ಲ. ಜಯದೇವಪ್ಪನವರು ಕೊಡೆ ಹಿಡಿದು ಗೋಲ್ ತನಕ ಬಂದರು.

"ಸುಕನ್ಯಾ, ಬಾರಮ್ಮ. ಸಾಹೇಬ್ರು ಕಾಯ್ತಿದಾರೆ."

"ಮ್ಯಾಚ್ ಅಂತ ಕರೆದ್ರಿ ಸರ್. ಮುಗಿಸಿ ಬರ್ತೀವಿ."

"ಇದು ಪ್ರದರ್ಶನ ಪಂದ್ಯ ಕಣಮ್ಮ. ಹತ್ ನಿಮಿಷ ಸಾಕು."

"ಹತ್ತು ನಿಮಿಷಕ್ಕೆ ಹೂ ಕೊಡೋಕೆ ಇವ್ರು ಹೊರನಾಡು, ಸಂಸೆಯಿಂದ ಜೀಪ್ ಹತ್ತಿ ಬಂದಿಲ್ಲ. ನೀವು ಪಕ್ಕಕ್ಕೆ ಹೋಗಿ ಸರ್, ಚೆಂಡು ಬೀಳುತ್ತೆ."

ಧನ್ಯಾಳತ್ತ ಎಸೆದೆ. ಅವಳು ಓಡಿದಳು. ಮೂಡಿಗೆರೆಯ ಹುಡುಗಿಯರಾದರೂ ನಿಲ್ಲಬಹುದಿತ್ತು. ನಿಲ್ಲಲಿಲ್ಲ, ಅವಳ ಹಿಂದೆ ಬಿದ್ದರು. ರೆಫ್ರಿ ಪ್ರಸಾದ್, ಹೈಸ್ಕೂಲಿನ ಪಿಟಿ ಮೇಷ್ಟ್ರು, ಒಮ್ಮೆ ವೇದಿಕೆ ನೋಡಿದರು, ಒಮ್ಮೆ ನಮ್ಮನ್ನು. ಸೀಟಿ ಬಾಯಿಂದ ತೆಗೆದು ಆಟ ಮುಂದುವರಿಯಲಿ ಎಂದು ಕೈ ಚಾಚಿದರು.

ಮೈಕ್ ಕೂಗುತ್ತಲೇ ಇತ್ತು. ಅತಿಥಿ ಕಾರು ಹತ್ತಿ ಹೋದರು. ಜನ ಹೋಗಲಿಲ್ಲ.

ಸೋತೆವು, 2–1. ಎರಡನೇ ಗೋಲ್ ನನ್ನ ಕಾಲ ಸಂದಿಯಿಂದ. ಬೇಲಿ ಪಕ್ಕದ ಅಜ್ಜ ಒಬ್ಬರು ಬೈದರು: "ಏ ಕೀಪರ್! ಕಾಲ್ ಸೇರ್ಸಕ್ಕೆ ಏನ್ ದಾಡಿ ನಿಂಗೆ?"

ಮನೆಮಗಳೇ ಅನ್ನಲಿಲ್ಲ. ಕೀಪರ್ ಅಂದರು. ಇಡೀ ದಿನದಲ್ಲಿ ಅದೊಂದು ಮಾತು ಸರಿಯಾಗಿತ್ತು.

ಅಕ್ಟೋಬರ್ 15, ಬುಧವಾರ

ಎರಡು ತಿಂಗಳು ಏನೂ ಬರೆದಿಲ್ಲ. ಇನ್ನು ಮುಂದೆ ನಮ್ಮನ್ನು ಯಾವ ಟೂರ್ನಮೆಂಟಿಗೂ ಕರೆಯುವುದಿಲ್ಲ ಎಂದು ಮೂಡಿಗೆರೆ ಕಮಿಟಿಯ ತೀರ್ಮಾನ. ಕರೆಯದಿದ್ದರೆ ಬಿಡಲಿ. ನಾವೇ ತಂಡ ಕಟ್ಟುತ್ತಿದ್ದೇವೆ.

ಇವತ್ತು ನೆಟ್ ಕಟ್ಟಲು ನೈಲಾನ್ ಹಗ್ಗ ಬೇಕಿತ್ತು. ಜಯದೇವಪ್ಪನವರ ಅಂಗಡಿಗೇ ಹೋದೆ. ನಿನ್ನೆ ಭಾರತದ ಗಂಡಸರು ಗೋವಾದಲ್ಲಿ ಸಿಂಗಪುರಕ್ಕೆ ಸೋತಿದ್ದಾರೆ, ಏಷ್ಯಾ ಕಪ್ಪಿನಿಂದ ಹೊರಗೆ. ಜಯದೇವಪ್ಪನವರು ಕುದಿಯುತ್ತಿದ್ದರು.

"ನೂರಾ ನಲವತ್ತು ಕೋಟಿ ಜನ್ರಲ್ಲಿ ಹನ್ನೊಂದು ಜನ ಸಿಗಲ್ವೇನಮ್ಮ?"

"ಹುಡುಕಿದ್ರೆ ತಾನೆ ಸರ್ ಸಿಗೋದು? ಆಡ್ತಾ ಇದ್ದೋರ್ನ ನೀವೇ ಹತ್ತು ನಿಮಿಷಕ್ಕೆ ನಿಲ್ಸೋಕೆ ಬಂದ್ರಿ."

ಹಗ್ಗ ಅಳೆಯುತ್ತಿದ್ದ ಕೈ ನಿಂತಿತು. ಮತ್ತೆ ಮೊದಲಿನಿಂದ ಅಳೆದು ಕತ್ತರಿಸಿ ಕೊಟ್ಟರು. ದುಡ್ಡು ಕೊಟ್ಟು ಹೊರಟು ಬಂದೆ.

ನವೆಂಬರ್ 22, ಶನಿವಾರ

ಜೀಪಿನಲ್ಲಿ ಬರೆಯುತ್ತಿದ್ದೇನೆ. ತಿರುವುಗಳಲ್ಲಿ ಅಕ್ಷರ ಕುಣಿಯುತ್ತಿದೆ. ನಾಳೆ ಹಾಸನದಲ್ಲಿ ಪಂದ್ಯ — ಪೂರ್ತಿ ತೊಂಬತ್ತು ನಿಮಿಷದ್ದು, ನಮ್ಮ ಮೊದಲನೆಯದು. ಒಬ್ಬರ ಮೇಲೊಬ್ಬರು ಕೂತಿದ್ದಾರೆ ಹುಡುಗಿಯರು. ಇಬ್ಬರು ಆಗಲೇ ವಾಂತಿ ಮಾಡಿಕೊಂಡಾಯಿತು.

ಈಗಷ್ಟೇ ಬೆಂಗಳೂರು ಕ್ಲಬ್ಬಿನ ಮ್ಯಾನೇಜರ್ ಫೋನ್. ನಾಲ್ಕು ತಿಂಗಳ ಮೇಲೆ ನನ್ನ ನಂಬರ್ ನೆನಪಾಗಿದೆ! "ಮತ್ತೆ ಶುರು ಮಾಡ್ತಿದೀವಿ ಸುಕನ್ಯಾ. ನಾಳೆನೇ ಬಂದ್ಬಿಡಿ."

"ನಾಳೆ ನನಗೆ ಮ್ಯಾಚ್ ಇದೆ ಸರ್. ಈಗ ಬೇರೆ ಕ್ಲಬ್ಬಿಗೆ ಆಡ್ತೀನಿ."

"ಬೇರೆ ಕ್ಲಬ್ಬಾ? ನಿಮ್ ಕಡೆ ಯಾವ್ದ್ರೀ ಕ್ಲಬ್ಬು?"

ನಕ್ಕ. ಸಣ್ಣಗೆ, ಮೂಗಿನಲ್ಲಿ. ಮೈಯೆಲ್ಲ ಉರಿಯಿತು. ಫೋನನ್ನು ಸ್ಪೀಕರಿಗೆ ಹಾಕಿ ಹಿಂದಕ್ಕೆ ಹಿಡಿದೆ. ಜೀಪಿನಲ್ಲಿದ್ದವರೆಲ್ಲ ಒಂದೇ ಉಸಿರಿಗೆ ಕೂಗಿದರು: "ನಮ್ದೇ ಕ್ಲಬ್ಬು, ಕಳಸದ್ದು!"