ಅಪ್ಪನಿಗೆ ಹಚ್ಚಿಟ್ಟ ಸಿನೆಮಾ

ಕಳವಾ
14 ಜೂನ್ 2012

ಪ್ರೀತಿಯ ಪೃಥ್ವಿಯಣ್ಣಾ,

ಹೇಗಿದ್ದೀ? ಮಳೆ ಶುರುವಾದರೆ ನಿನಗೆ ಉಬ್ಬಸ. ಪನ್ವೇಲಿನ ಆ ಕ್ಯಾಂಟೀನಿನ ಹೊಗೆಯಲ್ಲಿ ಔಷಧಿಯಾದರೂ ಸರಿಯಾಗಿ ತೆಗೆದುಕೊಳ್ಳುತ್ತೀಯೋ ಇಲ್ಲವೋ. ಇಷ್ಟು ಸಿಟ್ಟಿದ್ದರೂ ಮೊದಲು ಇದನ್ನೇ ಕೇಳುತ್ತಿದ್ದೇನೆ ನೋಡು, ನನ್ನ ಹಣೆಬರಹ.

ಅಪ್ಪನ ಬೊಜ್ಜ, ಉತ್ತರಕ್ರಿಯೆಯೆಲ್ಲ, ನಿನ್ನೆ ಮುಗಿಯಿತು. ಅವರು ಹೋದ ಸುದ್ದಿಯನ್ನು ನಮ್ಮ ಚಾಳಿನ ಜಯಲತಕ್ಕ ಕ್ಯಾಂಟೀನಿಗೇ ಬಂದು ನಿನಗೆ ಹೇಳಿದ್ದಾಳೆ, ಹಾಗಾಗಿ ಗೊತ್ತಿರಲಿಲ್ಲ ಎನ್ನಬೇಡ. ಪನ್ವೇಲೇನು ಪರದೇಶವೇ? ಲೋಕಲ್ ಹತ್ತಿದರೆ ಠಾಣೆ, ಅಲ್ಲಿಂದ ಮುಂದಿನ ಸ್ಟೇಶನ್ನೇ ಕಳವಾ. ಅಪ್ಪ ಒಂದು ದಿನ ಕೈ ಎತ್ತಿದರೆಂದು ಮನೆ ಬಿಟ್ಟವನು, ಅವರ ಕೊನೆಯ ಮುಖ ನೋಡಲೂ ಬಾರದಷ್ಟು ಕಲ್ಲಾದೆಯಾ? ಕಿಟ್ಟು ಚಿಕ್ಕಪ್ಪ ಕೊಳ್ಳಿ ಇಟ್ಟರು.

ಠಾಣೆಯ ಟಾಕೀಸಿನಲ್ಲಿ ರೀಲು ಓಡಿಸಿಯೇ ಸವೆದ ಅಪ್ಪನಿಗೆ, ಟಾಕೀಸು ಮುಚ್ಚಿದ ಮೇಲೂ ಭಾನುವಾರದ ಚಟ ಬಿಡಲಿಲ್ಲವಲ್ಲ. ಟೀವಿಯನ್ನು ಬಾಗಿಲಿಗೆ ತಂದಿಟ್ಟು ಇಡೀ ಚಾಳನ್ನು ಕರೆಯುತ್ತಿದ್ದರು. ಮಕ್ಕಳಿಗೆ ಮೊದಲು ಹಳೇ ಕಪ್ಪು-ಬಿಳುಪು ಕಾರ್ಟೂನು, ಆಮೇಲೆ ಕುದುರೆ-ಬಂದೂಕಿನ ಕೌಬಾಯ್ ಸಿನೆಮಾ. ಇಂಗ್ಲಿಷಿನ ಒಂದಕ್ಷರ ಬಾರದಿದ್ದರೂ ಮಾತನ್ನೆಲ್ಲ ತುಳುವಿನಲ್ಲಿ ತಾವೇ ಸೇರಿಸುತ್ತಿದ್ದರು. ಗಡ್ಡದ ಕಳ್ಳ ಕುದುರೆಯಿಂದ ಇಳಿದರೆ ಸಾಕು, ಯಾರು ನೀನು, ಎಲ್ಲಿಗೆ ಹೊರಟೆ ಎಂದು ವಿಚಾರಣೆ, “ಈ ಏರ್ ಮಾರಾಯ, ಓಡೆ ಪೋಪಿನಿ?” ಪಕ್ಕದ ಮನೆಯ ಚಂದ್ರಬಾಯಿ ತುಳು ತಿಳಿಯದೆಯೂ ಬಿದ್ದು ಬಿದ್ದು ನಗುತ್ತಿದ್ದಳು.

ಸತ್ತವರಿಗೆ ಒಳಗೆ ಬಡಿಸಿ ಬಾಗಿಲು ಹಾಕುವಾಗ ಅವರಿಗೆ ಇಷ್ಟವಾದದ್ದನ್ನೆಲ್ಲ ಇಡಬೇಕಲ್ಲ. ಕೋರಿರೊಟ್ಟಿ ಬಡಿಸಿ, ಬೀಡಿಕಟ್ಟೂ ಇಟ್ಟಾಯಿತು. ಆದರೆ ಅಮ್ಮ, “ಸಿನೆಮಾ ಇಲ್ಲದೆ ಅವರಿಗೆ ಊಟ ಸೇರುದಿಲ್ಲ” ಎಂದು ಅವರ ಭಾನುವಾರದ ಡಿಸ್ಕು ಹಾಕಿ ಟೀವಿಯನ್ನೂ ಹಚ್ಚಿ ಬಾಗಿಲು ಎಳೆದುಕೊಂಡರು. ಇರುವುದು ಒಂದೇ ಖೋಲಿ. ಬಂದವರೆಲ್ಲ ಹೊರಗೆ ಗ್ಯಾಲರಿಯಲ್ಲಿ ಕೂತೆವು. ಕಾರ್ಟೂನಿನ ಸಂಗೀತ ಕೇಳಿ ಮಕ್ಕಳು ಬಾಗಿಲ ಸಂದಿಗೆ ಕಣ್ಣಿಡಲು ಹೋಗಿ ಬೈಸಿಕೊಂಡವು. ಆಮೇಲೆ ಕುದುರೆಗಳ ಸದ್ದು. ಅಷ್ಟರಲ್ಲಿ ಗೀರು ಬಿದ್ದ ಡಿಸ್ಕು ಸಿಕ್ಕಿಕೊಂಡಿತು. ಒಂದೇ ಗುಂಡು, ಒಂದೇ ಕಿರುಚು, ಮತ್ತೆ ಮತ್ತೆ. ಬಾಗಿಲು ತೆಗೆಯುತ್ತೇನೆಂದರೆ ಅಮ್ಮ ಅಡ್ಡ ಕೂತರು, “ಉಣ್ಣುವವರನ್ನು ನಡುವೆ ಎಬ್ಬಿಸಬಾರ್ದು.” ಮಕ್ಕಳು ಅಳತೊಡಗಿದವು. “ಬಂದ್ ಕರಾ ನಾ ತೇ!” ಎಂದು ಚಂದ್ರಬಾಯಿ ಕಿವಿ ಮುಚ್ಚಿಕೊಂಡಳು. ಕೊನೆಗೆ ಅಮ್ಮ ತಾವಾಗಿ ಎದ್ದ ಮೇಲೆ, ಬಾಗಿಲು ತಟ್ಟಿ ಒಳಗೆ ಹೋಗಿ ಟೀವಿ ಆರಿಸಿದೆ.

ಅಮ್ಮನ ಕಾಲು ಬಾತಿದೆ, ಊಟ ಅಷ್ಟಕ್ಕಷ್ಟೆ. ಚಿಕ್ಕಪ್ಪ ನಿನ್ನ ವಿಚಾರ ಎತ್ತಲಿಲ್ಲ, ಹಾಗಾಗಿ ಅವರ ಆಶೀರ್ವಾದವೆಂದು ಸುಳ್ಳು ಬರೆಯಲಾರೆ. ನನ್ನ ನಮಸ್ಕಾರ ಮಾತ್ರ.

ನಿನ್ನ ತಂಗಿ,
ಶರ್ಮಿಳಾ

ವಿ.ಸೂ.: ಟೀವಿ ಆರಿಸಲು ಹೋದಾಗ ನೋಡಿದೆ, ಒಳಗೆ ಬಡಿಸಿದ ಎಲೆಗಳು ಎರಡಿದ್ದವು. ಇನ್ನೊಂದು ಯಾರಿಗೆಂದು ಕೇಳಿದರೆ ಅಮ್ಮ ನಿನ್ನ ಹೆಸರು ಹೇಳಿದರು. ಬದುಕಿದ್ದಾನಮ್ಮಾ, ಪನ್ವೇಲಿನಲ್ಲೇ ಇದ್ದಾನೆ ಎಂದು ಕೈ ಮುಗಿದೆ. “ಗೊತ್ತುಂಟು. ಬದುಕಿದ್ದೂ ಬರ್ಲಿಲ್ಲ ಅಂತ ಎಣಿಸಿದ್ರೆ ನಿದ್ರೆ ಬರುದಿಲ್ಲ. ಸತ್ತಿದ್ದಾನೆ ಅಂದ್ರೆ ಸ್ವಲ್ಪವಾದ್ರೂ ಬರ್ತದೆ” ಎಂದರು. ಮುಂದಿನ ತಿಂಗಳು ಆಟಿ ಹಿಡಿದರೆ ಸತ್ತವರಿಗೆ ಮತ್ತೆ ಬಡಿಸಬೇಕು. ಅಷ್ಟರೊಳಗೆ ಬಂದು ಅಮ್ಮನ ಎದುರು ಕೂತು ಒಂದು ತುತ್ತು ಉಣ್ಣು ಅಣ್ಣಾ. ಇಲ್ಲದಿದ್ದರೆ ಆ ದಿನ ನಿನ್ನ ಎಲೆಗೆ ನಾನೇ ಬಡಿಸುತ್ತೇನೆ.